ಕಾವಲಿನ ಕಣ್ಣಿಗೆ ಬೀಳದ ಸೋಂಕು

ಸೊಲ್ಲಾಪುರಕ್ಕೆ ಹೊಂದಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, 1999ರಲ್ಲಿ ಒಂದು ದೊಡ್ಡ ವೈದ್ಯಕೀಯ ಅಧ್ಯಯನ ಆರಂಭವಾಯಿತು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಫ್ರಾನ್ಸಿನ ಲಿಯೋನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗಳು ಕೂಡಿ ನಡೆಸಿದ ಈ ಅಧ್ಯಯನದಲ್ಲಿ 30ರಿಂದ 59 ವರ್ಷದೊಳಗಿನ 1,31,746 ಮಹಿಳೆಯರಿದ್ದರು. ಬಹುಪಾಲು ಹೊಲಗೆಲಸದವರು, ಅಲ್ಲಿಯವರೆಗೆ ಗರ್ಭಕಂಠದ ತಪಾಸಣೆ ಎಂಬುದನ್ನೇ ಕಾಣದವರು. ಹಳ್ಳಿಗಳನ್ನು 52 ಸಮೂಹಗಳಾಗಿ ಮಾಡಿ, ಆ ಸಮೂಹಗಳನ್ನು ನಾಲ್ಕು ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿಗೆ ಎಚ್‌ಪಿವಿ ಎಂಬ ವೈರಸ್ಸಿನ ಪರೀಕ್ಷೆ, ಎರಡನೆಯದಕ್ಕೆ ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಮೂರನೆಯದಕ್ಕೆ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿಗೆ ರೂಢಿಯಲ್ಲಿದ್ದ ಆರೋಗ್ಯ ಸೇವೆಯಷ್ಟೇ ಉಳಿಯಿತು. ಆ ನಾಲ್ಕನೆಯ ಗುಂಪಿನ ಬಗ್ಗೆ ಮುಂದೆ ಕಠಿಣವಾದ ನೈತಿಕ ಪ್ರಶ್ನೆಗಳು ಎದ್ದವು, ಎದ್ದದ್ದು ನ್ಯಾಯವೇ.

2009ರ ಏಪ್ರಿಲ್‌ನಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ವೈದ್ಯರ ಗಮನ ಸೆಳೆಯಿತು. ಎಂಟು ವರ್ಷಗಳ ಅವಧಿಯಲ್ಲಿ ತಪಾಸಣೆ ಇಲ್ಲದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 64 ಮಹಿಳೆಯರು ತೀರಿಕೊಂಡಿದ್ದರು. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34. ಜೀವನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆ, ಅದರಲ್ಲಿ ದೋಷ ಕಂಡವರಿಗೆ ನೀಡಿದ ಚಿಕಿತ್ಸೆ, ಇವೆರಡೂ ಸೇರಿ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿದ್ದವು. ಇನ್ನೂ ಗಮನಾರ್ಹವಾದುದು ಮತ್ತೊಂದು ಸಂಗತಿ: ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಕಂಡುಬಂದ ಮಹಿಳೆಯರ ಪೈಕಿ ಆ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ.

ಎಚ್‌ಪಿವಿ ಪರೀಕ್ಷೆ ಕ್ಯಾನ್ಸರನ್ನು ಹುಡುಕುವುದಿಲ್ಲ. ಮೂವತ್ತು ದಾಟಿದ ಹೆಣ್ಣಿನ ದೇಹದಲ್ಲಿ ಆ ವೈರಸ್ ಇನ್ನೂ ನೆಲೆನಿಂತಿದೆಯೇ, ಅಥವಾ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಎಂದೋ ಹತ್ತಿಕ್ಕಿದೆಯೇ ಎಂಬುದಷ್ಟೇ ಅದರ ವಿಚಾರಣೆ. ಭಾರತದಲ್ಲಿ 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿತು. ಸುಮಾರು 80 ಸಾವಿರ ಮಹಿಳೆಯರು ಅದರಿಂದ ತೀರಿಕೊಂಡರು. ಸ್ತನ ಕ್ಯಾನ್ಸರನ್ನು ಬಿಟ್ಟರೆ ನಮ್ಮ ದೇಶದ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಕಾಡುವ ಕ್ಯಾನ್ಸರ್ ಇದೇ. ಈ ಪ್ರಕರಣಗಳಲ್ಲಿ ಬಹುತೇಕ ಎಲ್ಲದರ ಹಿಂದೆಯೂ, ದೇಹದ ಕಾವಲು ಹತ್ತಾರು ವರ್ಷಗಳ ಹಿಂದೆ ಗಮನಿಸದೆ ಬಿಟ್ಟ ಒಂದು ಸಣ್ಣ ಸೋಂಕು ಇರುತ್ತದೆ.

ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಮಕ್ಕಳ ಕೈಬೆರಳಿನಲ್ಲಿ ಏಳುವ ನರಹುಲಿಗೆ ಕಾರಣವಾದವೂ ಇದೇ ಕುಲದವು. ಇವುಗಳಲ್ಲಿ ಹದಿನಾಲ್ಕರಷ್ಟು ಬಗೆಗಳು ಕ್ಯಾನ್ಸರಿನ ಅಪಾಯವುಳ್ಳವು. ಅವುಗಳಲ್ಲಿಯೂ 16 ಮತ್ತು 18 ಎಂಬ ಎರಡೇ ಬಗೆಗಳು ಗರ್ಭಕಂಠದ ಕ್ಯಾನ್ಸರುಗಳ ಪೈಕಿ ಸುಮಾರು ಶೇ. 70ಕ್ಕೆ ಹೊಣೆ. ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ 1983 ಮತ್ತು 1984ರಲ್ಲಿ ಈ ಎರಡನ್ನೂ ಕ್ಯಾನ್ಸರ್ ಗಡ್ಡೆಗಳಲ್ಲಿ ಗುರುತಿಸಿದರು. ಅಂದಿನ ವಿದ್ವಾಂಸರಲ್ಲಿ ಅನೇಕರು ಬೇರೊಂದು ವೈರಸ್ಸಿನ ಮೇಲೆ ಆರೋಪ ಹೊರಿಸಿ ಕುಳಿತಿದ್ದ ಕಾಲದಲ್ಲಿ ಅವರು ಸುಮಾರು ಹತ್ತು ವರ್ಷ ತಮ್ಮ ವಾದಕ್ಕೆ ಅಂಟಿಕೊಂಡಿದ್ದರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಈ ವೈರಸ್ ದೈಹಿಕ ಸಂಬಂಧದ ವೇಳೆ ಚರ್ಮದ ಸ್ಪರ್ಶದಿಂದ ಹರಡುತ್ತದೆ. ಈ ಒಂದು ವಾಕ್ಯವೇ ನಮ್ಮ ಮನೆಗಳಲ್ಲಿ ಇಡೀ ವಿಷಯವನ್ನು ಮಾತಿನಿಂದ ಹೊರಗಿಟ್ಟಿದೆ. ಆದರೆ ವೈದ್ಯಶಾಸ್ತ್ರ ಹೇಳುವುದು ಬೇರೆ. ವಿವಾಹಿತ ಸ್ತ್ರೀಪುರುಷರಲ್ಲಿ ಬಹುತೇಕ ಎಲ್ಲರಿಗೂ ಬಾಳಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗಲಿ ಹೋಗಿರುತ್ತದೆ. ಬಹುಪಾಲು ಜನರಿಗೆ ಅದು ಬಂದುದೂ ತಿಳಿಯದು, ಹೋದುದೂ ತಿಳಿಯದು. ಗಂಡನಿಗೂ ಬರುತ್ತದೆ, ಹೆಂಡತಿಗೂ ಬರುತ್ತದೆ. ನೆಗಡಿಯನ್ನು ನಡತೆಯ ಪ್ರಮಾಣಪತ್ರವಾಗಿ ಯಾರೂ ಓದುವುದಿಲ್ಲ. ಇದನ್ನೂ ಹಾಗೆ ಓದಲು ಆಧಾರವಿಲ್ಲ.

ಸಾಮಾನ್ಯವಾಗಿ ಒಂದು ವೈರಸ್ ದೇಹವನ್ನು ಹೊಕ್ಕಾಗ ಗದ್ದಲವಾಗುತ್ತದೆ. ಜೀವಕೋಶಗಳು ಒಡೆಯುತ್ತವೆ, ಅವುಗಳ ಚೂರುಗಳು ಸುತ್ತಲೂ ಚೆಲ್ಲುತ್ತವೆ, ಉರಿಯೂತವಾಗುತ್ತದೆ, ಜ್ವರ ಬರುತ್ತದೆ. ಈ ಗದ್ದಲವೇ ರೋಗನಿರೋಧಕ ವ್ಯವಸ್ಥೆಗೆ ಬರುವ ಮೊದಲ ದೂರು. ಎಚ್‌ಪಿವಿ ಈ ದೂರನ್ನೇ ದಾಖಲಾಗದಂತೆ ನೋಡಿಕೊಳ್ಳುತ್ತದೆ. ಗರ್ಭಕಂಠದ ಒಳಪದರದಲ್ಲಿ ಕಣ್ಣಿಗೆ ಕಾಣದ ತರಚು ಗಾಯವಾದಾಗ ಅದು ಪದರದ ಅತ್ಯಂತ ತಳದಲ್ಲಿರುವ ಜೀವಕೋಶಗಳನ್ನು ಸೇರುತ್ತದೆ. ಎರಡು ಬಗೆಯ ಪದರಗಳು ಸಂಧಿಸುವ ಎಡೆಯೊಂದು ಗರ್ಭಕಂಠದಲ್ಲಿದೆ. ಅಲ್ಲಿನ ಜೀವಕೋಶಗಳು ಸದಾ ಬದಲಾಗುತ್ತಿರುವುದರಿಂದ ಈ ಸೋಂಕಿಗೆ ಆ ತಾಣವೇ ಅನುಕೂಲ. ತಳದಲ್ಲಿರುವಾಗ ವೈರಸ್ ತನ್ನ ಪ್ರತಿಗಳನ್ನು ಬಹಳ ಮಿತವಾಗಿ ಮಾಡಿಕೊಳ್ಳುತ್ತದೆ. ಜೀವಕೋಶಗಳು ಬೆಳೆಯುತ್ತ ಮೇಲ್ಪದರಕ್ಕೆ ಸರಿದು, ಉದುರಿಹೋಗುವ ಹಂತಕ್ಕೆ ಬಂದಾಗ ಮಾತ್ರ ಅದು ತನ್ನ ಸಂಪೂರ್ಣ ಸಂತತಿಯನ್ನು ನಿರ್ಮಿಸುತ್ತದೆ. ಹೇಗಿದ್ದರೂ ಸಾಯಲಿದ್ದ ಜೀವಕೋಶಗಳೊಡನೆ ಅದು ಹೊರಗೆ ಬೀಳುತ್ತದೆ. ಯಾರನ್ನೂ ಕೊಲ್ಲುವುದಿಲ್ಲ, ರಕ್ತಕ್ಕೆ ಇಳಿಯುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ. ಇತರ ಜೀವಕೋಶಗಳಿಗೆ ಎಚ್ಚರಿಕೆ ಕೊಡುವ ಇಂಟರ್‌ಫೆರಾನ್ ಎಂಬ ರಾಸಾಯನಿಕ ಸಂಕೇತವನ್ನೂ ಅದು ಅಡಗಿಸುತ್ತದೆ. ಅಪರಿಚಿತ ವಸ್ತುವಿನ ಮಾದರಿಯನ್ನು ಎತ್ತಿಕೊಂಡು ಸಮೀಪದ ದುಗ್ಧಗ್ರಂಥಿಗೆ ಒಯ್ದು ತೋರಿಸುವ ಲ್ಯಾಂಗರ್‌ಹಾನ್ಸ್ ಕೋಶಗಳು ಆ ಪದರದಲ್ಲಿಯೇ ಇದ್ದರೂ, ಈ ವೈರಸ್ಸಿನ ಎದುರಿಗೆ ಅವು ಸರಿಯಾಗಿ ಎಚ್ಚೆತ್ತುಕೊಳ್ಳುವುದಿಲ್ಲ.

ಇಷ್ಟಾದರೂ ಹೆಚ್ಚಿನ ಸಲ ಗೆಲ್ಲುವುದು ದೇಹವೇ. ಸೋಂಕು ತಗಲಿದವರಲ್ಲಿ ಸುಮಾರು ಶೇ. 90ರಷ್ಟು ಜನರಲ್ಲಿ ಎರಡು ವರ್ಷಗಳೊಳಗೆ ವೈರಸ್ ಪರೀಕ್ಷೆಗೆ ಸಿಗದಂತಾಗುತ್ತದೆ. ನಿಧಾನವಾಗಿಯಾದರೂ ಸುಳಿವು ದುಗ್ಧಗ್ರಂಥಿಯನ್ನು ತಲುಪುತ್ತದೆ. ಅಲ್ಲಿ ಆ ವೈರಸ್ಸನ್ನೇ ಗುರುತಿಸಬಲ್ಲ ಟಿ ಕೋಶಗಳು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಕೆಲವು ಇತರ ಕೋಶಗಳಿಗೆ ನಿರ್ದೇಶನ ನೀಡಿದರೆ, ಕೆಲವು ಸೋಂಕಿರುವ ಜೀವಕೋಶಗಳನ್ನು ಹುಡುಕಿ ನಾಶಮಾಡುತ್ತವೆ. ಈ ಕಾರ್ಯದಲ್ಲಿ ಪ್ರತಿಕಾಯಗಳಿಗಿಂತ ಟಿ ಕೋಶಗಳದೇ ಪ್ರಧಾನ ಪಾತ್ರ. ಏಕೆಂದರೆ ಪ್ರತಿಕಾಯ ಹೊರಗೆ ತೇಲುವ ವೈರಸ್ಸನ್ನು ಹಿಡಿಯಬಲ್ಲದು, ಜೀವಕೋಶದ ಒಳಗೆ ಕುಳಿತುದನ್ನು ಹಿಡಿಯಲಾರದು. ಸಹಜ ಸೋಂಕಿನ ಅನಂತರ ಪ್ರತಿಕಾಯಗಳು ಎಲ್ಲ ಮಹಿಳೆಯರಲ್ಲಿ ಉಂಟಾಗುವುದೂ ಇಲ್ಲ. ಉಂಟಾದರೂ ಅವು ಅಲ್ಪ ಪ್ರಮಾಣದಲ್ಲಿರುತ್ತವೆ. ಹೀಗಾಗಿ ಒಮ್ಮೆ ಬಂದು ಹೋದ ಸೋಂಕು ಮತ್ತೊಮ್ಮೆ ಬಾರದೆಂಬ ಭರವಸೆ ಇಲ್ಲ.

ಟಿ ಕೋಶಗಳೇ ಈ ಕೋಟೆಯ ಆಧಾರವೆಂಬುದಕ್ಕೆ ಸಾಕ್ಷ್ಯ ಅವು ಕುಂದಿದವರಲ್ಲಿ ದೊರೆಯುತ್ತದೆ. ಎಚ್‌ಐವಿ ಸೋಂಕಿರುವ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಂಭವ ಇತರರಿಗಿಂತ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂತ್ರಪಿಂಡ ಕಸಿಯಾಗಿ, ನಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ನಿತ್ಯವೂ ಸೇವಿಸಬೇಕಾದವರಲ್ಲಿಯೂ ಅಪಾಯ ಹೆಚ್ಚು. ಆರೋಗ್ಯವಂತ ಹೆಣ್ಣಿನಲ್ಲಿ ಸೋಂಕಿನಿಂದ ಕ್ಯಾನ್ಸರಿನವರೆಗಿನ ದಾರಿಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ನಿರೋಧಶಕ್ತಿ ಕುಸಿದವರಲ್ಲಿ ಅದು 5ರಿಂದ 10 ವರ್ಷಕ್ಕೆ ಇಳಿಯಬಹುದು.

ಇನ್ನು ವೈರಸ್ ಉಳಿದುಬಿಟ್ಟ ಅಲ್ಪಸಂಖ್ಯೆಯ ಮಹಿಳೆಯರ ಮಾತು. ವರ್ಷಗಳು ಕಳೆದಂತೆ ಅವರ ಕೆಲವು ಜೀವಕೋಶಗಳಲ್ಲಿ ವೈರಸ್ಸಿನ ಡಿಎನ್‌ಎ ಜೀವಕೋಶದ ಸ್ವಂತ ಡಿಎನ್‌ಎಯೊಡನೆ ಬೆಸೆದುಕೊಳ್ಳುತ್ತದೆ. ಆಗ ಇ6, ಇ7 ಎಂಬ ಎರಡು ಪ್ರೋಟೀನುಗಳು ಅಂಕೆಯಿಲ್ಲದೆ ಉತ್ಪತ್ತಿಯಾಗುತ್ತವೆ. ಹಾನಿಗೊಂಡ ಜೀವಕೋಶವನ್ನು ತಡೆದು ನಿಲ್ಲಿಸುವ, ದುರಸ್ತಿಯಾಗದಿದ್ದರೆ ತನ್ನನ್ನು ತಾನೇ ಕೊನೆಗೊಳಿಸುವಂತೆ ಮಾಡುವ ಪಿ53 ಎಂಬ ಪ್ರೋಟೀನು ನಮ್ಮ ಪ್ರತಿ ಜೀವಕೋಶದಲ್ಲೂ ಇದೆ. ಇ6 ಅದನ್ನು ನಾಶಪಡಿಸುತ್ತದೆ. ವಿಭಜನೆಗೆ ಕಡಿವಾಣ ಹಾಕುವ ಮತ್ತೊಂದು ಪ್ರೋಟೀನನ್ನು ಇ7 ನಿಷ್ಕ್ರಿಯಗೊಳಿಸುತ್ತದೆ. ಜೀವಕೋಶ ವಿಭಜಿಸುತ್ತಲೇ ಹೋಗುತ್ತದೆ, ತಪ್ಪುಗಳನ್ನು ಕೂಡಿಸಿಕೊಳ್ಳುತ್ತಲೇ ಹೋಗುತ್ತದೆ. ಇದು ಇನ್ನೂ ಕ್ಯಾನ್ಸರ್ ಅಲ್ಲ, ಪೂರ್ವಸ್ಥಿತಿ. ಅಚ್ಚರಿಯೆಂದರೆ ಈ ಹಂತದಲ್ಲೂ ದೇಹ ಕೈಚೆಲ್ಲುವುದಿಲ್ಲ. ಮಧ್ಯಮ ತೀವ್ರತೆಯ ಪೂರ್ವಸ್ಥಿತಿಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಹಾಗೆ ಮಾಯವಾದಲ್ಲಿ, ಆ ತಾಣಕ್ಕೆ ಟಿ ಕೋಶಗಳು ನುಗ್ಗಿ ಬಂದಿದ್ದುದು ಕಂಡುಬರುತ್ತದೆ.

ತೀವ್ರ ಪೂರ್ವಸ್ಥಿತಿಯ ಕಥೆ ಹಾಗಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ 1966ರಿಂದ ಹರ್ಬರ್ಟ್ ಗ್ರೀನ್ ಎಂಬ ವೈದ್ಯರು, ಇಂಥ ಸ್ಥಿತಿ ಕ್ಯಾನ್ಸರಾಗಿ ಬೆಳೆಯುವುದಿಲ್ಲವೆಂಬ ನಂಬಿಕೆಯಿಂದ, ಅನೇಕ ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ನೀಡದೆ ಕಾದು ನೋಡಿದರು. ಆ ಮಹಿಳೆಯರಿಗೆ ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ. 1987ರಲ್ಲಿ ಇಬ್ಬರು ಲೇಖಕಿಯರು ನಿಯತಕಾಲಿಕವೊಂದರಲ್ಲಿ ಇದನ್ನು ಬಯಲಿಗೆಳೆದ ಮೇಲೆ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ವಿಚಾರಣಾ ಆಯೋಗ ನೇಮಕವಾಯಿತು. 1988ರ ಆಯೋಗದ ವರದಿಯಿಂದ ಆ ದೇಶದಲ್ಲಿ ರೋಗಿಗಳ ಹಕ್ಕಿನ ಕಾನೂನೇ ಬದಲಾಯಿತು. ಚಿಕಿತ್ಸೆ ಸಾಲದಾದ ಆ ಮಹಿಳೆಯರ ದಾಖಲೆಗಳನ್ನು ಮುಂದೆ ಪರಿಶೀಲಿಸಿದಾಗ, 30 ವರ್ಷಗಳಲ್ಲಿ ಅವರಲ್ಲಿ ಸುಮಾರು ಶೇ. 31ರಷ್ಟು ಮಂದಿಗೆ ಕ್ಯಾನ್ಸರ್ ಬಂದಿತ್ತು. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಶೇ. 1ಕ್ಕೂ ಕಡಿಮೆ. ದೇಹದ ಕಾವಲನ್ನು ಎಷ್ಟರವರೆಗೆ ನಂಬಬಹುದೆಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಬಳಿ ಇರುವ ಅತ್ಯಂತ ಸ್ಪಷ್ಟವಾದ ಉತ್ತರ ಇದು. ಯಾರೂ ಕೇಳಬಾರದಿದ್ದ ರೀತಿಯಲ್ಲಿ ಕೇಳಿ ಪಡೆದ ಉತ್ತರವೂ ಹೌದು.

ಕ್ಯಾನ್ಸರ್ ಬೇರೂರಿದ ಮೇಲೆ ಅದು ಮರೆಯಲ್ಲಿರುವುದನ್ನು ಬಿಟ್ಟು ಕಾವಲನ್ನೇ ಒಲಿಸಿಕೊಳ್ಳತೊಡಗುತ್ತದೆ. ಒಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಪ್ರದರ್ಶಿಸುವುದು ಪ್ರತಿ ಜೀವಕೋಶದ ಕರ್ತವ್ಯ. ಕ್ಯಾನ್ಸರ್ ಕೋಶಗಳು ಆ ಪ್ರದರ್ಶನವನ್ನು ತಗ್ಗಿಸುತ್ತವೆ. ಟಿ ಕೋಶಗಳನ್ನು ಶಾಂತಗೊಳಿಸುವ ಪಿಡಿ-ಎಲ್1 ಎಂಬ ಸಂಕೇತವನ್ನು ಮೈಮೇಲೆ ಧರಿಸುತ್ತವೆ. ಈ ಸಂಕೇತಕ್ಕೆ ತಡೆಯೊಡ್ಡುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಗರ್ಭಕಂಠದ ಕ್ಯಾನ್ಸರಿಗಾಗಿ ಅನುಮತಿ ದೊರೆಯಿತು. ರೋಗಿಯ ಗಡ್ಡೆಯಿಂದಲೇ ಟಿ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿ ಕೊಡುವ ಚಿಕಿತ್ಸೆಯನ್ನೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಪ್ರಯತ್ನಿಸಿತು. 2015ರಲ್ಲಿ ವರದಿಯಾದ ಒಂಬತ್ತು ರೋಗಿಗಳಲ್ಲಿ ಇಬ್ಬರ ಕ್ಯಾನ್ಸರ್ ಪೂರ್ತಿಯಾಗಿ ಮರೆಯಾಯಿತು. ಇವೆಲ್ಲ ಆಶಾದಾಯಕವೇ. ಆದರೆ ಅಕ್ಕಲಕೋಟೆಯ ಅಥವಾ ಜತ್ತದ ಒಂದು ಸಾಮಾನ್ಯ ಕುಟುಂಬದ ಕೈಗೆ ಇವು ಇಂದು ಎಟುಕುವಂಥವಲ್ಲ.

ಎಟುಕುವುದು ಲಸಿಕೆ. ಅದರ ತರ್ಕ ಸರಳ: ವೈರಸ್ ಕಾವಲಿನ ಕಣ್ಣಿಗೆ ಬೀಳುವುದಿಲ್ಲವಾದರೆ, ಅದು ಬರುವ ಮೊದಲೇ ಅದರ ರೂಪವನ್ನು ಕಾವಲಿಗೆ ತೋರಿಸಿಬಿಡುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ 1991ರಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನು ತಾನಾಗಿಯೇ ಜೋಡಿಕೊಂಡು ಖಾಲಿ ಚಿಪ್ಪಾಗುವುದನ್ನು ತೋರಿಸಿದರು. ಅದರೊಳಗೆ ಡಿಎನ್‌ಎ ಇಲ್ಲ, ಆದ್ದರಿಂದ ಸೋಂಕು ಉಂಟುಮಾಡಲಾರದು. ರೂಪ ಮಾತ್ರ ವೈರಸ್ಸಿನದೇ. ಝೌ 1999ರಲ್ಲಿ, 42ನೆಯ ವಯಸ್ಸಿನಲ್ಲಿ ತೀರಿಕೊಂಡರು. 2006ರಲ್ಲಿ ಲಸಿಕೆ ಮಾರುಕಟ್ಟೆಗೆ ಬಂದುದನ್ನು ನೋಡಲಿಲ್ಲ. ತೋಳಿನ ಸ್ನಾಯುವಿಗೆ ಚುಚ್ಚಿದ ಈ ಚಿಪ್ಪುಗಳು ನೇರವಾಗಿ ದುಗ್ಧಗ್ರಂಥಿಯ ಗಮನಕ್ಕೆ ಬರುತ್ತವೆ. ಸಹಜ ಸೋಂಕಿನಲ್ಲಿ ದೊರೆಯುವುದಕ್ಕಿಂತ ಎಷ್ಟೋ ಹೆಚ್ಚಿನ ಪ್ರತಿಕಾಯಗಳು ಉಂಟಾಗಿ ವರ್ಷಗಟ್ಟಲೆ ಉಳಿಯುತ್ತವೆ. ತರಚು ಗಾಯದ ಬಳಿ ವೈರಸ್ ಜೀವಕೋಶವನ್ನು ಹೊಗುವ ಮೊದಲೇ ಅದನ್ನು ಹಿಡಿಯುತ್ತವೆ. ಒಳಹೊಕ್ಕ ವೈರಸ್ಸನ್ನು ಈ ಲಸಿಕೆ ಹೊರಗಟ್ಟಲಾರದು. ಅದನ್ನು 9ರಿಂದ 14ರ ವಯಸ್ಸಿನಲ್ಲಿ ಕೊಡುವುದು ಮುಖ್ಯವಾಗಿ ಈ ಕಾರಣಕ್ಕೆ. ಹುಡುಗಿಯ ನಡತೆಯ ಕುರಿತಾದ ಯಾವ ಊಹೆಯೂ ಅದರಲ್ಲಿಲ್ಲ. ಸ್ಕಾಟ್ಲೆಂಡಿನಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆ ಪಡೆದು ಈಗ ತಪಾಸಣೆಯ ವಯಸ್ಸಿಗೆ ಬಂದಿರುವವರ ದಾಖಲೆಗಳನ್ನು ನೋಡಿದಾಗ, 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅವರಲ್ಲಿ ಈ ಕ್ಯಾನ್ಸರಿನ ಒಂದು ಪ್ರಕರಣವೂ ಇರಲಿಲ್ಲ.

ಭಾರತದಲ್ಲಿ ಈ ಲಸಿಕೆಯ ಹಾದಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪಾಥ್ ಎಂಬ ಅಮೆರಿಕದ ಸಂಸ್ಥೆ ಸರಕಾರಗಳ ಸಹಕಾರದಿಂದ ಶಾಲಾ ಬಾಲಕಿಯರಿಗೆ ಲಸಿಕೆ ನೀಡುವ ಯೋಜನೆಯನ್ನು ಕೈಗೊಂಡಿತು. ಏಳು ಬಾಲಕಿಯರ ಸಾವು ವರದಿಯಾಯಿತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ನೀರಿನಲ್ಲಿ ಮುಳುಗುವಿಕೆ, ಹಾವಿನ ಕಡಿತ, ಕೀಟನಾಶಕ ಸೇವನೆ, ಮಲೇರಿಯಾ ಮೊದಲಾದ ಕಾರಣಗಳನ್ನು ಗುರುತಿಸಿದ ವಿಚಾರಣಾ ಸಮಿತಿ, ಸಾವುಗಳಿಗೂ ಲಸಿಕೆಗೂ ಸಂಬಂಧವಿರುವ ಸಂಭವ ಕಾಣದೆಂದಿತು. ಆದರೆ ಒಪ್ಪಿಗೆ ಪತ್ರಗಳ ವಿಷಯದಲ್ಲಿ ಕಂಡುಬಂದುದು ಕ್ಷಮಾರ್ಹವಾದುದಲ್ಲ. ಖಮ್ಮಂನ 9,543 ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರೆಂದು ಸಂಸತ್ತಿನ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ದಾಖಲಿಸಿತು. ಆ ವರದಿಯನ್ನು ನ್ಯಾಯಾಲಯ ಆಧಾರವಾಗಿ ನೋಡಬಹುದೇ ಎಂಬ ಪ್ರಶ್ನೆಯೇ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು, 2018ರ ಮೇ ತಿಂಗಳಲ್ಲಿ ಕಲ್ಪನಾ ಮೆಹ್ತಾ ಪ್ರಕರಣದಲ್ಲಿ, ನೋಡಬಹುದೆಂದು ತೀರ್ಮಾನವಾಯಿತು.

ಅದೇ ತಡೆಯಿಂದ ಮತ್ತೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಬಾರ್ಶಿಯೂ ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ತಿಳಿಯಲು 20,000 ಬಾಲಕಿಯರನ್ನು ಸೇರಿಸಿಕೊಳ್ಳುವ ಉದ್ದೇಶವಿತ್ತು. ನಿಲ್ಲಿಸಿದಾಗ 17,729 ಬಾಲಕಿಯರಿಗೆ ಲಸಿಕೆ ದೊರೆತಿತ್ತು. ಅವರಲ್ಲಿ ಸುಮಾರು ಐದು ಸಾವಿರ ಮಂದಿಗೆ ಒಂದೇ ಡೋಸ್. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಗಮನಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ 16 ಮತ್ತು 18ರ ಸ್ಥಿರ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ ಶೇ. 95.4, ಮೂರು ಡೋಸಿನದು ಶೇ. 93.3. ಅಂದರೆ ವ್ಯತ್ಯಾಸವೇ ಇಲ್ಲ. ಇಂಥ ಸಾಕ್ಷ್ಯಗಳ ಬಲದಿಂದಲೇ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಕೊಡುವ ಕ್ರಮವನ್ನೂ ಅನುಮೋದಿಸಿತು. ನಿರೋಧಶಕ್ತಿ ಕುಂದಿದವರಿಗೆ ಮಾತ್ರ ಒಂದು ಸಾಲದು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. 9ರಿಂದ 14 ವರ್ಷದ ಹೆಣ್ಣುಮಕ್ಕಳ ಲಸಿಕೆಗೆ ಪ್ರೋತ್ಸಾಹ ನೀಡುವುದಾಗಿ ಕೇಂದ್ರ ಸರಕಾರ 2024ರ ಮಧ್ಯಂತರ ಮುಂಗಡಪತ್ರದಲ್ಲಿ ಹೇಳಿತು.

ಗಡಿನಾಡಿನ ಕನ್ನಡ ಶಾಲೆಗಳ ಪಾಲಕರಿಗೆ ಖಮ್ಮಂನ ಕಥೆ ದೂರದ್ದಲ್ಲ. ಮಗಳ ಕೈಯಲ್ಲಿ ಬರುವ ಒಪ್ಪಿಗೆ ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು, ಕನ್ನಡವನ್ನಷ್ಟೇ ಓದಬಲ್ಲ ತಾಯಿ ಅದರ ಕೆಳಗೆ ಸಹಿ ಹಾಕಿದರೆ, ಆ ಸಹಿಯಲ್ಲಿ ಒಪ್ಪಿಗೆ ಎಷ್ಟಿದೆ? ತಿಳಿದು ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಎಂದು ಸರ್ವೋಚ್ಚ ನ್ಯಾಯಾಲಯ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪತ್ರವನ್ನು ಕನ್ನಡದಲ್ಲಿ ಕೊಡಿ, ಇಲ್ಲವೇ ಓದಿ ಹೇಳಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳುವುದು ಲಸಿಕೆಗೆ ತೋರುವ ವಿರೋಧವಲ್ಲ. ಯಾವ ಲಸಿಕೆ, ಎಷ್ಟು ಡೋಸ್, ಅನಂತರ ಜ್ವರ ಅಥವಾ ತಲೆಸುತ್ತು ಬಂದರೆ ಯಾರನ್ನು ಕಾಣಬೇಕು, ಮಗಳಿಗೆ ಮೊದಲೇ ಇರುವ ಕಾಯಿಲೆಯನ್ನು ಯಾರಿಗೆ ತಿಳಿಸಬೇಕು ಎಂಬುದು ಅದರಲ್ಲಿರಬೇಕು. ಹಾಗೆ ತಿಳಿದು ಸಹಿ ಹಾಕುವ ಪಾಲಕರು ಹೆಚ್ಚಿದಷ್ಟೂ ಸುಳ್ಳುಸುದ್ದಿಗೆ ಜಾಗ ಕಡಿಮೆ.

ತಾಯಂದಿರ ವಿಷಯ ಬೇರೆ. ಅವರಲ್ಲಿ ಹೆಚ್ಚಿನವರಿಗೆ ಲಸಿಕೆಯ ವಯಸ್ಸು ದಾಟಿದೆ. ಅವರಿಗಿರುವುದು ಉಸ್ಮಾನಾಬಾದಿನ ಹಳ್ಳಿಗಳಲ್ಲಿ ನಡೆದ ಆ ಪರೀಕ್ಷೆಯ ದಾರಿ. ಮೂವತ್ತರಿಂದ ಆರಂಭಿಸಿ 5ರಿಂದ 10 ವರ್ಷಗಳಿಗೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಚ್‌ಐವಿ ಸೋಂಕಿರುವವರು 25ರಿಂದಲೇ, 3ರಿಂದ 5 ವರ್ಷಗಳಿಗೊಮ್ಮೆ. ಮಾದರಿಯನ್ನು ಮಹಿಳೆಯೇ ಸ್ವತಃ ತೆಗೆದುಕೊಡುವ ವಿಧಾನವೂ ಈಗ ಇದೆ. ನಮ್ಮ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಅಸಿಟಿಕ್ ಆಮ್ಲದ ಪರೀಕ್ಷೆಯನ್ನು ಐದು ವರ್ಷಗಳಿಗೊಮ್ಮೆ ಮಾಡಬೇಕೆಂಬ ಕೇಂದ್ರದ ಮಾರ್ಗಸೂಚಿ 2016ರಿಂದಲೇ ಇದೆ. ವೈರಸ್ ಕಂಡುಬಂದಿತೆಂದರೆ ಕ್ಯಾನ್ಸರ್ ಬಂದಿತೆಂದಲ್ಲ. ಮುಂದಿನ ಪರೀಕ್ಷೆ ಬೇಕೆಂದಷ್ಟೇ. ಪೂರ್ವಸ್ಥಿತಿ ಇದ್ದರೂ ಅದನ್ನು ಹೆಚ್ಚಾಗಿ ಹೊರರೋಗಿ ವಿಭಾಗದಲ್ಲಿಯೇ ಶೀತಲಗೊಳಿಸಿ ಅಥವಾ ಶಾಖ ಕೊಟ್ಟು ನಿವಾರಿಸಬಹುದು. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎರಡು ಮುಟ್ಟುಗಳ ನಡುವೆ ಅಥವಾ ದಾಂಪತ್ಯದ ಅನಂತರ ರಕ್ತಸ್ರಾವವಾದರೆ, ದುರ್ವಾಸನೆಯ ಸ್ರಾವ ನಿಲ್ಲದಿದ್ದರೆ, ತಪಾಸಣಾ ಶಿಬಿರ ಊರಿಗೆ ಬರಲೆಂದು ಕಾಯದೆ ಆ ವಾರವೇ ವೈದ್ಯರನ್ನು ಕಾಣಬೇಕು.